ಹಳೆಯ ಹಾಡಿಗೆ ನಾಲ್ಕು ತಂತಿವಾದ್ಯ

ಪ್ರಶ್ನೆ: ಕೆಲವು ಗಾಯಕರು ತಮ್ಮ ಹಳೆಯ ಹಾಡುಗಳನ್ನೇ ‘ಸ್ಟ್ರಿಂಗ್ ಕ್ವಾರ್ಟೆಟ್’ ಜೊತೆ ಮತ್ತೆ ಹಾಡುತ್ತಾರೆ. ಪಿಟೀಲು ನಮ್ಮ ಭಾವಗೀತೆಗಳಲ್ಲೂ ಇದೆಯಲ್ಲ, ಹೊಸತೇನು?
– ಓದುಗರೊಬ್ಬರು, ಹೆಬ್ಬೆ

ಉತ್ತರ: ಅಲ್ಲಿ ಪಿಟೀಲಿಗೆ ಕೊಡುವ ಕೆಲಸವೇ ಬೇರೆ. ನಮ್ಮಲ್ಲಿ ಅದು ಗಾಯಕರ ಬೆನ್ನಿಗೇ ಹೋಗುತ್ತದೆ. ಅವರು ಎಳೆದ ಗಮಕವನ್ನು ತಾನೂ ಎಳೆಯುತ್ತದೆ, ಅವರು ಉಸಿರು ತೆಗೆದುಕೊಂಡಲ್ಲಿ ಸಂದು ತುಂಬುತ್ತದೆ. ಕ್ವಾರ್ಟೆಟ್‌ನಲ್ಲಿ ಎರಡು ಪಿಟೀಲು, ಒಂದು ವಿಯೋಲಾ, ಒಂದು ಚೆಲ್ಲೊ. ವಿಯೋಲಾದ ಶ್ರುತಿ ಪಿಟೀಲಿಗಿಂತ ಸ–ಪ ಅಂತರದಷ್ಟು ಕೆಳಗೆ, ಚೆಲ್ಲೊ ಅದಕ್ಕೂ ಒಂದು ಸ್ಥಾಯಿ ಕೆಳಗೆ. ನಾಲ್ವರಿಗೂ ಬೇರೆ ಬೇರೆ ಸ್ವರಸಾಲು, ಎಲ್ಲವೂ ಮೊದಲೇ ಬರೆದಿಟ್ಟದ್ದು. ತಬಲಾ, ಡ್ರಮ್ ಇಲ್ಲದಿದ್ದರೆ ಲಯವನ್ನೂ ತಂತಿಗಳೇ ಹೊರಬೇಕು. ಚೆಲ್ಲೊ ವಾದಕರು ಕಮಾನು ಬಿಟ್ಟು ಬೆರಳಿನಿಂದ ಮೀಟಿದರೆ ಯಾರೋ ಮರದ ಅಟ್ಟದ ಮೇಲೆ ನಡೆದಂತೆ ಕೇಳುತ್ತದೆ.

1965ರಲ್ಲಿ ಬೀಟಲ್ಸ್‌ನ ‘ಯೆಸ್ಟರ್‌ಡೇ’ ಹಾಡಿಗೆ ಕ್ವಾರ್ಟೆಟ್ ಸೂಚಿಸಿದವರು ನಿರ್ಮಾಪಕ ಜಾರ್ಜ್ ಮಾರ್ಟಿನ್. ಐಸ್‌ಲ್ಯಾಂಡಿನ ಗಾಯಕಿ ಬ್ಯೋರ್ಕ್ 2015ರಲ್ಲಿ ‘ವಲ್ನಿಕುರಾ’ ಆಲ್ಬಮ್ ತಂದು, ಅದೇ ವರ್ಷ ಅದರ ಎಲೆಕ್ಟ್ರಾನಿಕ್ ಬೀಟ್‌ಗಳನ್ನು ತೆಗೆದು ತಂತಿವಾದ್ಯಗಳ ಮೇಲೇ ಮತ್ತೆ ಕಟ್ಟಿದರು.

ಕನ್ನಡದಲ್ಲಿ ಶಿಶುನಾಳ ಷರೀಫರ ಪದಗಳು ಹೀಗೆ ರೂಪ ಬದಲಿಸಿವೆ. ಸಿ. ಅಶ್ವತ್ಥ್ ಹಾಡಿದ್ದು ಒಂದು ಬಗೆ, ರಘು ದೀಕ್ಷಿತ್ 2008ರ ಆಲ್ಬಮ್ಮಿನಲ್ಲಿ ಬ್ಯಾಂಡ್ ಜೊತೆ ಹಾಡಿದ್ದು ಇನ್ನೊಂದು. ಗಮಕವೇ ಜೀವಾಳವಾದ ಹಾಡಿಗೆ ಕ್ವಾರ್ಟೆಟ್ ಒಗ್ಗಿಸುವುದು ಕಷ್ಟ. ಷರೀಫರ ನೇರ ಧಾಟಿಗೆ ಒಗ್ಗೀತು ಎಂದು ನನ್ನ ಅನಿಸಿಕೆ. ‘ಯೆಸ್ಟರ್‌ಡೇ’ ಸಿಕ್ಕರೆ ಕೇಳಿ, ಒಂದು ಸಲವಾದರೂ ಗಾಯಕನನ್ನು ಬಿಟ್ಟು ಚೆಲ್ಲೊ ಒಂದನ್ನೇ ಹಿಂಬಾಲಿಸಿ.