ಎತ್ತರದ ದುಡಿಮೆ ಮತ್ತು ಪ್ರಾಣರಕ್ಷಕ ಸಾಧನಗಳು

ತುಂಗಭದ್ರಾ ಜಲಾಶಯದ 33 ಗೇಟುಗಳ ಪೈಕಿ 19ನೆಯದು, 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ ಕೊಚ್ಚಿಹೋದುದನ್ನು ನವಲಿ ಸೀಮೆಯ ರೈತಾಪಿ ಜನರು ಮರೆಯುವಂತಿಲ್ಲ. ತಜ್ಞ ಎನ್. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು ಭೋರ್ಗರೆಯುವ ನೀರಿನ ಮೇಲ್ಗಡೆ ದುಡಿದು, ಉಕ್ಕಿನ ತಡೆಹಲಗೆಗಳನ್ನು ಇಳಿಸಿ, ಆಗಸ್ಟ್ 17ರ ವೇಳೆಗೆ ಪ್ರವಾಹವನ್ನು ತಡೆದರು. ಸರಪಳಿಯ ಬಲವೆಂದರೆ ಅದರ ಅತ್ಯಂತ ದುರ್ಬಲ ಕೊಂಡಿಯ ಬಲವೇ ಎಂಬುದನ್ನು ಆ ಘಟನೆ ಎಲ್ಲರಿಗೂ ಮನಗಾಣಿಸಿತು.

ಎತ್ತರದಲ್ಲಿ ದುಡಿಯುವವನ ಪ್ರಾಣವೂ ಇಂಥದೇ ಒಂದು ಸರಪಳಿಯನ್ನು ಅವಲಂಬಿಸಿದೆ. ಹಗ್ಗ ಕಟ್ಟುವ ಆಧಾರ, ಹಗ್ಗ, ಕೊಕ್ಕೆ ಮತ್ತು ಮೈಗೆ ತೊಡುವ ಪಟ್ಟಿ ಇವು ಅದರ ಕೊಂಡಿಗಳು. ಹಗ್ಗವು ಗಟ್ಟಿಯಾಗಿದ್ದರೆ ಸಾಕೆಂಬ ನಂಬಿಕೆ ನಮ್ಮಲ್ಲಿ ರೂಢಮೂಲವಾಗಿದೆ. ಆದರೆ ಅಪಾಯವಿರುವುದು ಹಗ್ಗ ಹರಿಯುವುದರಲ್ಲಿ ಮಾತ್ರವಲ್ಲ. ಬೀಳುವ ದೇಹವು ಥಟ್ಟನೆ ನಿಲ್ಲುವಾಗ ಉಂಟಾಗುವ ಜಗ್ಗಿನಲ್ಲಿಯೂ ಇದೆ.

80 ಕಿಲೋಗ್ರಾಂ ತೂಕದ ವ್ಯಕ್ತಿ 2 ಮೀಟರು ಬಿದ್ದು, ಮುಂದಿನ 10 ಸೆಂಟಿಮೀಟರುಗಳಲ್ಲಿಯೇ ನಿಂತನೆಂದು ಭಾವಿಸೋಣ. ಆಗ ಅವನ ದೇಹದ ಮೇಲೆ ಸರಾಸರಿ ಅವನ ತೂಕದ 21 ಪಟ್ಟು, ಎಂದರೆ ಸುಮಾರು 1,680 ಕಿಲೋಗ್ರಾಂ ಭಾರದಷ್ಟು ಬಲ ಬೀಳುತ್ತದೆ. ಅದೇ ವ್ಯಕ್ತಿ 1 ಮೀಟರಿನಷ್ಟು ದೂರದಲ್ಲಿ ನಿಧಾನವಾಗಿ ನಿಂತರೆ ಆ ಬಲ ಮೂರು ಪಟ್ಟಿಗೆ ಇಳಿಯುತ್ತದೆ. ಹೊಲಿಗೆ ಬಿಚ್ಚಿಕೊಳ್ಳುತ್ತಾ ಜಗ್ಗನ್ನು ಹೀರುವ ಆಘಾತಶಾಮಕ ಪಟ್ಟಿಯ ತತ್ತ್ವವೇ ಇದು. ಯುರೋಪಿನ ಇ.ಎನ್. 355 ಮಾನಕವು ಈ ಬಲ 6 ಕಿಲೋನ್ಯೂಟನ್, ಎಂದರೆ ಸುಮಾರು 600 ಕಿಲೋಗ್ರಾಂ ಭಾರವನ್ನು ಮೀರಕೂಡದೆಂದು ವಿಧಿಸಿದೆ.

ಸೊಂಟಕ್ಕೆ ಮಾತ್ರ ಹಗ್ಗ ಬಿಗಿದುಕೊಳ್ಳುವ ಪದ್ಧತಿಯೂ ಅಪಾಯಕರವೇ. ಬಿದ್ದಾಗ ಜಗ್ಗೆಲ್ಲವೂ ಹೊಟ್ಟೆ ಮತ್ತು ಬೆನ್ನೆಲುಬಿನ ಮೇಲೆಯೇ ಬೀಳುತ್ತದೆ. ನೇತಾಡುವಾಗ ಉಸಿರಾಟ ಕಷ್ಟವಾಗುತ್ತದೆ. ಹಾರ್ನೆಸ್ ಎಂಬ ಪೂರ್ಣದೇಹದ ಪಟ್ಟಿಯು ಆ ಭಾರವನ್ನು ತೊಡೆ, ಪೃಷ್ಠ ಮತ್ತು ಭುಜಗಳಿಗೆ ಹಂಚುತ್ತದೆ. ನಮ್ಮ ದೇಶದಲ್ಲಿ ಇಂಥ ಪಟ್ಟಿಗಳಿಗೆ ಐ.ಎಸ್. 3521, ಶಿರಸ್ತ್ರಾಣಕ್ಕೆ ಐ.ಎಸ್. 2925 ಎಂಬ ಭಾರತೀಯ ಮಾನಕಗಳಿವೆ. ಕೊಳ್ಳುವವರು ಈ ಸಂಖ್ಯೆಗಳನ್ನು ನೋಡಿಯೇ ಕೊಳ್ಳಬೇಕು.

ಬಿದ್ದವನನ್ನು ಹಗ್ಗ ತಡೆದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಪಟ್ಟಿಯಲ್ಲಿ ನಿಶ್ಚಲವಾಗಿ ನೇತಾಡುವವನಿಗೆ ಕಾಲುಗಳಲ್ಲಿ ರಕ್ತ ನಿಂತು ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು. ಆದುದರಿಂದ ಅವನನ್ನು ಇಳಿಸುವ ಬಗೆಯನ್ನು ಕೆಲಸಕ್ಕೆ ಮುನ್ನವೇ ನಿಶ್ಚಯಿಸಬೇಕು. ಹಾಳುಬಾವಿಗೆ ಇಳಿಯುವಾಗಲೂ ಇದೇ ವಿವೇಕ ಸಲ್ಲುತ್ತದೆ. ವಿಷಗಾಳಿಯಿಂದ ಮೂರ್ಛೆಹೋದವನ ಮೈಮೇಲೆ ಪಟ್ಟಿ, ಅದಕ್ಕೆ ಹಗ್ಗ, ಮೇಲೆ ರಾಟೆ ಇದ್ದರೆ, ಮತ್ತೊಬ್ಬನು ಇಳಿದು ಪ್ರಾಣ ತೆರದೆಯೇ ಅವನನ್ನು ಎತ್ತಬಹುದು. ರಕ್ಷಣೆಗೆ ಇಳಿಯುವ ತರಬೇತಾದವರು ಪ್ರತ್ಯೇಕ ಆಧಾರಗಳಿಗೆ ಕಟ್ಟಿದ ಎರಡು ಹಗ್ಗಗಳನ್ನು ಬಳಸುವುದೂ ಒಂದು ಕೊಂಡಿ ಕೈಕೊಟ್ಟರೆ ಇನ್ನೊಂದು ಉಳಿಯಲೆಂದೇ.

ಸವೆದ ಹಗ್ಗ, ಹರಿದ ಹೊಲಿಗೆ, ತುಕ್ಕುಹಿಡಿದ ಕೊಕ್ಕೆಗಳನ್ನು ಪ್ರತಿ ಬಳಕೆಗೂ ಮುನ್ನ ಪರೀಕ್ಷಿಸಬೇಕು. ಒಮ್ಮೆ ಬೀಳುವಿಕೆಯನ್ನು ತಡೆದ ಸಾಧನವನ್ನು ಬಳಕೆಯಿಂದ ತೆಗೆಯಬೇಕು. ಶಾಲೆಯ ಗೋಡೆಗೆ ಬಣ್ಣ ಬಳಿಯುವವನಿಗೂ, ಗಂಗಾವತಿ, ಕಾರಟಗಿಗಳ ಅಕ್ಕಿ ಗಿರಣಿಯ ಮಾಡು ಏರುವವನಿಗೂ ಈ ನಿಯಮ ಒಂದೇ. ಕಟ್ಟಡಕ್ಕೆ ಕಾಣಿಕೆ ನೀಡುವ ಉದಾರಿಗಳು ಅದನ್ನು ಕಟ್ಟುವವರ ಪಟ್ಟಿ, ಹಗ್ಗಗಳ ವೆಚ್ಚವನ್ನೂ ಆ ಕಾಣಿಕೆಯಲ್ಲಿಯೇ ಸೇರಿಸುವುದು ಯುಕ್ತ. ಕಟ್ಟಿದವನು ಸಂಜೆ ಕ್ಷೇಮವಾಗಿ ಮನೆ ಸೇರಿದಾಗಲೇ ಆ ದಾನವು ಪೂರ್ಣವಾಗುತ್ತದೆ.