ಅಜ್ಜನ ಪಾಠ ಮತ್ತು ಹಳೆಯ ಲ್ಯಾಪ್‌ಟಾಪ್

ಪುಣೆಗೆ ಬಂದು ಒಂಬತ್ತು ವರ್ಷವಾಯಿತು. ಎರಡನೇ ತರಗತಿಯ ಮಗಳು ಮರಾಠಿಯನ್ನು ಸಲೀಸಾಗಿ ಮಾತಾಡುತ್ತಾಳೆ, ಕನ್ನಡ ಓದಲು ಮಾತ್ರ ತಡವರಿಸುತ್ತಾಳೆ. ಅದಕ್ಕೇ ಪ್ರತಿ ಶನಿವಾರ ಬೆಳಿಗ್ಗೆ ಧಾರವಾಡದಿಂದ ಅಪ್ಪ ವಿಡಿಯೊ ಕರೆಯಲ್ಲಿ ಅವಳಿಗೆ ಒತ್ತಕ್ಷರ ಕಲಿಸುತ್ತಾರೆ.

ಪಾಠಕ್ಕೆ ಕೊಟ್ಟಿದ್ದು ನನ್ನ ಎಂ.ಟೆಕ್ ಕಾಲದ ಲಿನಕ್ಸ್ ಲ್ಯಾಪ್‌ಟಾಪ್. ಆನ್ ಮಾಡಿದರೆ ಸಿದ್ಧವಾಗಲು ಎರಡೂವರೆ ನಿಮಿಷ. ಅಷ್ಟರಲ್ಲಿ ಮಗಳು ಆಟಕ್ಕೆ ಓಡಿರುತ್ತಿದ್ದಳು. 'ಯಾಕ, ಇವತ್ತ ಪಾಠ ಇಲ್ಲೇನು?' ಎಂದು ಅಪ್ಪನ ಫೋನ್. ಆಫೀಸಿನಲ್ಲಿ ದಿನವಿಡೀ ಸರ್ವರ್ ನೋಡಿಕೊಳ್ಳುವ ನನಗೆ ನಾಚಿಕೆಯಾಯಿತು.

ಒಂದು ಶುಕ್ರವಾರ ರಾತ್ರಿ ಕುಳಿತೆ. ಇಂದಿನ ಬಹುತೇಕ ಲಿನಕ್ಸ್‌ಗಳಲ್ಲಿ ಹಿನ್ನೆಲೆ ಸೇವೆಗಳನ್ನು ಎಬ್ಬಿಸುವುದು 2010ರಲ್ಲಿ ಬಂದ ಸಿಸ್ಟಮ್‌ಡಿ. 'ಸಿಸ್ಟಮ್‌ಡಿ-ಅನಲೈಸ್ ಬ್ಲೇಮ್' ಎಂದು ಟೈಪಿಸಿದರೆ ಯಾವ ಸೇವೆ ಎಷ್ಟು ಹೊತ್ತು ತೆಗೆದುಕೊಂಡಿತೆಂಬ ಪಟ್ಟಿ ಬರುತ್ತದೆ. ಆದರೆ ಪಟ್ಟಿಯ ಮೊದಲಿಗನೇ ತಪ್ಪಿತಸ್ಥ ಎನ್ನಲಾಗದು. ಅನೇಕ ಸೇವೆಗಳು ಒಟ್ಟೊಟ್ಟಿಗೆ ಏಳುತ್ತವೆ. ಯಾರಿಗಾಗಿ ಯಾರು ಕಾದರು ಎಂಬುದನ್ನು ತೋರಿಸುವುದು 'ಕ್ರಿಟಿಕಲ್-ಚೈನ್'.

ನೋಡಿದರೆ, ಎಂ.ಟೆಕ್ ಪ್ರಾಜೆಕ್ಟಿಗೆ ಹಾಕಿದ್ದ ಎರಡು ಡೇಟಾಬೇಸ್, ಒಂದು ವೆಬ್ ಸರ್ವರ್, ಡಾಕರ್ ಎಲ್ಲವೂ ಇಂದಿಗೂ ದಿನಾ ಎದ್ದು ಹಳೆಯ ಹಾರ್ಡ್ ಡಿಸ್ಕಿಗೆ ಮುಗಿಬೀಳುತ್ತಿದ್ದವು. ಮದುವೆ ಮುಗಿದು ವರ್ಷಗಳಾದರೂ ಅಡುಗೆಯವರು ಒಲೆ ಹಚ್ಚುತ್ತಿದ್ದ ಹಾಗೆ! 'ಸಿಸ್ಟಮ್‌ಸಿಟಿಎಲ್ ಡಿಸೇಬಲ್' ಕೊಟ್ಟೆ. ಇದು ಸೇವೆಯನ್ನು ಅಳಿಸುವುದಿಲ್ಲ, ತಾನಾಗಿ ಏಳುವುದನ್ನಷ್ಟೇ ತಡೆಯುತ್ತದೆ. ಬೇಕಾದಾಗ 'ಸ್ಟಾರ್ಟ್' ಎಂದರೆ ಏಳುತ್ತದೆ. ಬೇರೆ ಸೇವೆ ಕರೆದರೂ ಏಳಬಾರದೆಂದರೆ 'ಮಾಸ್ಕ್' ಮಾಡಬೇಕು. ಈಗ ಐವತ್ತು ಸೆಕೆಂಡಿಗೆ ಸಿದ್ಧ.

ಉತ್ಸಾಹದಲ್ಲಿ ಮುದ್ರಣದ ಸೇವೆಯಾದ ಕಪ್ಸ್ ಅನ್ನೂ ನಿಲ್ಲಿಸಿಬಿಟ್ಟಿದ್ದೆ. ಮರುದಿನ ಅಪ್ಪ ಕೈಯಾರೆ ಬರೆದು ಕಳಿಸಿದ ಅಭ್ಯಾಸದ ಹಾಳೆ ಪ್ರಿಂಟ್ ಆಗಲೇ ಇಲ್ಲ. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ತಪ್ಪು ಆಗ ಹೊಳೆಯಿತು: ಕಪ್ಸ್ ದಿನವಿಡೀ ಎದ್ದಿರಬೇಕಿಲ್ಲ, ಆದರೆ ಕರೆದರೆ ಓಗೊಡಬೇಕು. ಅದಕ್ಕೆಂದೇ 'ಕಪ್ಸ್ ಡಾಟ್ ಸಾಕೆಟ್' ಇದೆ. ಅದೊಂದೇ ಬಾಗಿಲಲ್ಲಿ ಕಾದಿದ್ದು, ಪ್ರಿಂಟ್ ಕೆಲಸ ಬಂದಾಗ ಕಪ್ಸನ್ನು ಎಬ್ಬಿಸುತ್ತದೆ. ಅದನ್ನು 'ಎನೇಬಲ್' ಮಾಡಿ ಶುರುಮಾಡಿದೆ, ಹಾಳೆ ಬಂತು.

ನಿಮ್ಮ ಮನೆಯಲ್ಲೂ ಹಳೆಯ ಯಂತ್ರವಿದ್ದರೆ ಗುಜರಿಗೆ ಹಾಕುವ ಮೊದಲು ಆ ಪಟ್ಟಿ ನೋಡಿ. ಯಾವ ಸೇವೆ ಏತಕ್ಕೆಂದು ಗೊತ್ತಾಗದಿದ್ದರೆ ಮುಟ್ಟಬೇಡಿ; ಒಂದೊಂದನ್ನೇ ನಿಲ್ಲಿಸಿ, ಪರೀಕ್ಷಿಸಿ ಮುಂದುವರಿಯಿರಿ.

ಕಳೆದ ಶನಿವಾರ ಅಪ್ಪನೇ ತಡಬಡಾಯಿಸಿದರು. 'ಇವತ್ತ ಲಗೂನ ಬಂದೀಯಲ್ಲವ್ವಾ, ನಂದಿನ್ನೂ ಚಾ ಮುಗಿದಿಲ್ಲ!'