ಹೊಲಿಗೆ ಮಾಗಿದ ಮೇಲೂ ಏರುವ ಬಿಪಿ

ಹೃದಯದಿಂದ ಹೊರಡುವ ಮಹಾಪಧಮನಿ ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ಒಂದೆಡೆ ಕಿರಿದಾಗಿರುತ್ತದೆ. ವೈದ್ಯರು ಇದನ್ನು ಕೋಆರ್ಕ್ಟೇಶನ್ ಎನ್ನುತ್ತಾರೆ. 1944ರಲ್ಲಿ ಸ್ಟಾಕ್‌ಹೋಮಿನ ಕ್ಲಾರೆನ್ಸ್ ಕ್ರಾಫೋರ್ಡ್ ಆ ಕಿರಿದಾದ ತುಂಡನ್ನು ಕತ್ತರಿಸಿ ತೆಗೆದು, ತುದಿಗಳನ್ನು ಕೂಡಿಸಿ ಹೊಲಿದರು. ಅಂಥ ಶಸ್ತ್ರಚಿಕಿತ್ಸೆಯಿಂದ ಬದುಕುಳಿದ ಎಷ್ಟೋ ಮಕ್ಕಳು ಇಂದು ಬೆಳೆದು ಸಂಸಾರ ಹೂಡಿದ್ದಾರೆ. ಆದರೆ ದಾರಿ ತೆರವಾದ ಮೇಲೂ ಅವರಲ್ಲಿ ಅನೇಕರಿಗೆ ಬಿಪಿ ಏರುತ್ತದೆ. ಯಾಕೆ?

ಕಾರಣ ರಕ್ತನಾಳದ ಗೋಡೆಯಲ್ಲಿದೆ. ಆರೋಗ್ಯವಂತರ ಮಹಾಪಧಮನಿ ಹೃದಯದ ಪ್ರತಿ ಬಡಿತಕ್ಕೂ ಹಿಗ್ಗಿ ಕುಗ್ಗಿ, ರಕ್ತದ ರಭಸವನ್ನು ತಗ್ಗಿಸುತ್ತದೆ. ಇವರಲ್ಲಿ ಕಿರಿದಾದ ಜಾಗಕ್ಕಿಂತ ಮೇಲಿನ ಭಾಗದಲ್ಲಿ ಸ್ನಾಯು ಕಡಿಮೆ, ಗಡುಸಾದ ಕೊಲಾಜನ್ ಹೆಚ್ಚು. ಹಸುಗೂಸುಗಳಲ್ಲೇ ಈ ಬಿಗಿತ ಕಂಡುಬಂದಿದೆ. ಬೇಗ ಆಪರೇಷನ್ ಮಾಡಿಸಿದರೆ ಮುಂದೆ ಬಿಪಿ ಬರುವ ಅಪಾಯ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ.

ತೊಂದರೆ ಮಹಾಪಧಮನಿಯಲ್ಲಷ್ಟೇ ಇಲ್ಲ ಎಂದು ತೋರಿಸಿಕೊಡುವ ಪರೀಕ್ಷೆಯೊಂದಿದೆ. ಮುಂಗೈಗೆ ಬಿಪಿ ಪಟ್ಟಿ ಸುತ್ತಿ, ಐದು ನಿಮಿಷ ರಕ್ತ ಹರಿಯದಂತೆ ಬಿಗಿದು, ಥಟ್ಟನೆ ಸಡಿಲಿಸುತ್ತಾರೆ. ರಕ್ತ ನುಗ್ಗಿದ ರಭಸಕ್ಕೆ ಅಪಧಮನಿಯ ಒಳಪದರ ನೈಟ್ರಿಕ್ ಆಕ್ಸೈಡ್ ಸೂಸಿ, ಸುತ್ತಲಿನ ಸ್ನಾಯುವನ್ನು ಸಡಿಲಿಸುತ್ತದೆ, ನಾಳ ಅಗಲವಾಗುತ್ತದೆ. ಬದಲಾವಣೆ ಮಿಲಿಮೀಟರಿನ ಚಿಕ್ಕ ಅಂಶದಷ್ಟೇ ಆದರೂ ತೋಳಿನ ಮೇಲಿಟ್ಟ ಅಲ್ಟ್ರಾಸೌಂಡ್ ಅದನ್ನು ಅಳೆಯಬಲ್ಲದು. ಬಾಲ್ಯದಲ್ಲಿ ಕೋಆರ್ಕ್ಟೇಶನ್ ಸರಿಪಡಿಸಿಕೊಂಡ ಯುವಕರಲ್ಲಿ ತೋಳಿನ ನಾಳ ಅಷ್ಟು ಹಿಗ್ಗುವುದಿಲ್ಲ, ಕೂತು ಅಳೆದ ಬಿಪಿ ಸರಿಯಿದ್ದವರಲ್ಲೂ! ಅದೇ ಜನರ ಕಾಲಿನ ನಾಳ ಸರಿಯಾಗಿಯೇ ಸ್ಪಂದಿಸುತ್ತದೆ.

ಹಾಗಾಗಿ "ಆಪರೇಷನ್ ಆಯ್ತಲ್ಲ, ಇನ್ನೇನು" ಎಂದು ಡಾಕ್ಟರ ಬಳಿ ಹೋಗುವುದನ್ನೇ ಬಿಡುವವರನ್ನು ಕಂಡರೆ ನನಗೆ ಆತಂಕವಾಗುತ್ತದೆ. ಕ್ಲಿನಿಕ್ಕಿನಲ್ಲಿ ಸರಿ ಕಂಡ ಬಿಪಿ ಓಡಾಡುವಾಗ, ಮೆಟ್ಟಿಲು ಹತ್ತುವಾಗ ಜಿಗಿದಿರಬಹುದು. ಇಪ್ಪತ್ನಾಲ್ಕು ಗಂಟೆ ಮೈಮೇಲಿದ್ದು ಬಿಪಿ ದಾಖಲಿಸುವ ಯಂತ್ರ ಇರುವುದು ಅದಕ್ಕೇ. ಬಿಪಿಯನ್ನು ಬಲತೋಳಿನಲ್ಲೇ ನೋಡಿಸಿ: ಕೆಲವು ಆಪರೇಷನ್‌ಗಳಲ್ಲಿ ಎಡಗೈಯ ಅಪಧಮನಿಯನ್ನೇ ತೇಪೆಗೆ ಬಳಸಿರುತ್ತಾರೆ, ಅಲ್ಲಿ ಒತ್ತಡ ಸುಳ್ಳೇ ಕಡಿಮೆ ತೋರುತ್ತದೆ. ಹೊಲಿಗೆಯ ಜಾಗ ಮತ್ತೆ ಕಿರಿದಾಗಿದೆಯೇ, ಉಬ್ಬಿದೆಯೇ ಎಂದು ಆಗಾಗ ಸ್ಕ್ಯಾನ್ ಆಗಬೇಕು. ಹೆಣ್ಣುಮಕ್ಕಳಾದರೆ ಗರ್ಭ ಧರಿಸುವ ಮೊದಲೇ ಹೃದ್ರೋಗ ತಜ್ಞರನ್ನು ಕಾಣಬೇಕು. ಹಳೆಯ ಆಪರೇಷನ್‌ನ ಕಾಗದಗಳು ಜೊತೆಗಿರಲಿ.